ಕಪ್ತಾನ ಸ್ಮಿತ್: ಮಾಡದೆ ಉಳಿದ ಕರ್ತವ್ಯ

ಬೇಸಿಗೆ ರಜೆಯಲ್ಲಿ ಲಿಂಗರಾಜಪುರದ ಮಕ್ಕಳಿಗೆ ಧರ್ಮೋಪದೇಶದ ತರಗತಿ ನಡೆಸುತ್ತಿದ್ದಾಗ, ಟೈಟಾನಿಕ್ ಚಲನಚಿತ್ರವನ್ನು ನೋಡಿದ್ದ ಹುಡುಗನೊಬ್ಬನು ನಮ್ಮನ್ನು ಒಂದು ಪ್ರಶ್ನೆ ಕೇಳಿದನು. ಹಡಗಿನೊಡನೆ ತಾನೂ ಮುಳುಗಿದ ಆ ಕಪ್ತಾನನು ಒಳ್ಳೆಯವನೋ, ತಪ್ಪಿತಸ್ಥನೋ ಎಂಬುದೇ ಆ ಪ್ರಶ್ನೆ. ನಮಗೆ ಒಡನೆ ಉತ್ತರ ಹೊಳೆಯಲಿಲ್ಲ. ಒಬ್ಬ ಮನುಷ್ಯನನ್ನು ಅವನ ಕೊನೆಯ ಗಳಿಗೆಯಿಂದ ಮಾತ್ರ ಅಳೆಯುವುದು ಸುಲಭ. ಇಡೀ ಬಾಳನ್ನು ಮುಂದಿಟ್ಟುಕೊಂಡು ಅಳೆಯುವುದು ಕಷ್ಟ. ಆದ್ದರಿಂದ ಆ ಬಾಳನ್ನು ಮೊದಲಿನಿಂದ ನೋಡೋಣ.

ಎಡ್ವರ್ಡ್ ಜಾನ್ ಸ್ಮಿತ್ ಅವರು 1850ರ ಜನವರಿ 27ರಂದು ಇಂಗ್ಲೆಂಡಿನ ಹ್ಯಾನ್ಲಿ ಎಂಬ ಊರಿನಲ್ಲಿ ಜನಿಸಿದರು. ಮಡಕೆ ಪಿಂಗಾಣಿಗಳಿಗೆ ಹೆಸರಾದ ಊರು ಅದು; ತಂದೆಯವರ ಕಸುಬೂ ಕುಂಬಾರಿಕೆಯೇ. ಚಿಕ್ಕ ವಯಸ್ಸಿನಲ್ಲಿಯೇ ಶಾಲೆ ಬಿಟ್ಟ ಬಾಲಕನು ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು, ಹದಿಹರೆಯದಲ್ಲಿ ಲಿವರ್‌ಪೂಲಿಗೆ ಹೋಗಿ ಹಾಯಿಹಡಗನ್ನೇರಿದನು. 1880ರಲ್ಲಿ ವೈಟ್ ಸ್ಟಾರ್ ಕಂಪನಿಯನ್ನು ಕಿರಿಯ ಅಧಿಕಾರಿಯಾಗಿ ಸೇರಿದ ಅವರು 1887ರಲ್ಲಿ ಕಪ್ತಾನರಾದರು. ಅದೇ ವರ್ಷ ಸಾರಾ ಎಲೆನರ್ ಅವರೊಡನೆ ವಿವಾಹವಾಯಿತು. 1898ರಲ್ಲಿ ಹೆಲೆನ್ ಎಂಬ ಮಗಳು ಹುಟ್ಟಿದಳು. ಮೃದುಭಾಷಿ, ಬಿಳಿಗಡ್ಡದ ಗಂಭೀರ ಪುರುಷ. ಅವರು ನಡೆಸುವ ಹಡಗನ್ನೇ ಆರಿಸಿಕೊಂಡು ಪ್ರಯಾಣ ಮಾಡುವ ಶ್ರೀಮಂತರಿದ್ದರು. ಅವರ ಕೈಕೆಳಗೆ ದುಡಿಯಲು ನಾವಿಕರೂ ಬಯಸುತ್ತಿದ್ದರು.

1907ರಲ್ಲಿ ಅವರು ಪತ್ರಕರ್ತರ ಮುಂದೆ, ತಮ್ಮ ವೃತ್ತಿಯಲ್ಲಿ ಹೇಳಿಕೊಳ್ಳುವಂತಹ ಅಪಘಾತವೇ ನಡೆದಿಲ್ಲವೆಂದು ತಿಳಿಸಿದರು. ಆ ಮಾತಿನಲ್ಲಿ ಅಹಂಕಾರವಿದ್ದಿತೆಂದು ನಾವು ಹೇಳಲಾರೆವು. ಆದರೆ ವರ್ಷಾನುಗಟ್ಟಲೆ ಕೇಡು ತಟ್ಟದೆ ಇದ್ದುದು ಮನಸ್ಸಿನ ಎಚ್ಚರವನ್ನು ಮೆಲ್ಲಮೆಲ್ಲನೆ ಸವೆಸುತ್ತದೆ. 1911ರ ಸೆಪ್ಟೆಂಬರಿನಲ್ಲಿ ಅವರ ಒಲಿಂಪಿಕ್ ಹಡಗಿಗೂ ಹಾಕ್ ಎಂಬ ಯುದ್ಧನೌಕೆಗೂ ಡಿಕ್ಕಿಯಾಯಿತು. ಆದರೂ ಕಂಪನಿಯ ವಿಶ್ವಾಸ ಕುಂದಲಿಲ್ಲ. ಹೊಸ ಟೈಟಾನಿಕ್ ಹಡಗನ್ನು ಅವರ ವಶಕ್ಕೇ ಒಪ್ಪಿಸಿತು.

1912ರ ಏಪ್ರಿಲ್ 10ರಂದು ಹಡಗು ಸೌತಾಂಪ್ಟನ್ ಬಂದರನ್ನು ಬಿಟ್ಟಿತು. ಅದರಲ್ಲಿದ್ದವರು ಸುಮಾರು 2,200 ಮಂದಿ. ಜೀವರಕ್ಷಕ ದೋಣಿಗಳು 20. ಅವುಗಳಲ್ಲಿ ಕೂಡಬಹುದಾದವರು 1,178 ಜನ ಮಾತ್ರ. ಇದು ಕಾನೂನಿನ ಉಲ್ಲಂಘನೆಯಲ್ಲ, ಅಂದಿನ ಕಾನೂನು ಕೇಳಿದ್ದು ಇದಕ್ಕಿಂತಲೂ ಕಡಿಮೆ. ಪ್ರಯಾಣಿಕರಿಗೆ ದೋಣಿಯ ಅಭ್ಯಾಸವನ್ನೂ ಮಾಡಿಸಲಿಲ್ಲ. ಏಪ್ರಿಲ್ 14 ಪಾಸ್ಖ ಹಬ್ಬದ ಮರುಭಾನುವಾರ. ಅಂದು ನಿಸ್ತಂತು ಯಂತ್ರದಲ್ಲಿ ಹಿಮಗಡ್ಡೆಗಳ ಎಚ್ಚರಿಕೆಗಳು ಮೇಲಿಂದ ಮೇಲೆ ಬಂದವು. ಅವುಗಳಲ್ಲೊಂದನ್ನು ಕಪ್ತಾನರು ಕಂಪನಿಯ ಮುಖ್ಯಸ್ಥರ ಕೈಗೆ ಕೊಟ್ಟರು; ಅದು ಬಹಳ ಹೊತ್ತು ಅವರ ಜೇಬಿನಲ್ಲೇ ಉಳಿಯಿತು. ರಾತ್ರಿ ಔತಣ ಮುಗಿಸಿ ಬಂದ ಸ್ಮಿತ್ ಅವರು ಕಾವಲಿನ ಅಧಿಕಾರಿಯೊಡನೆ ತಿಳಿಯಾದ ಹವೆಯ ಬಗೆಗೆ ಮಾತನಾಡಿ, ಸಂದೇಹ ಬಂದರೆ ಎಬ್ಬಿಸಬೇಕೆಂದು ಹೇಳಿ ಕೋಣೆಗೆ ಹೋದರು. ಸುಮಾರು 22 ನಾಟ್‌ಗಳ ವೇಗ ಇಳಿಯಲಿಲ್ಲ. 11 ಗಂಟೆ 40 ನಿಮಿಷಕ್ಕೆ ಹಡಗು ಹಿಮಗಡ್ಡೆಗೆ ತಗುಲಿತು.

ಆ ಬಳಿಕ ಉಳಿದುದು ಎರಡು ಗಂಟೆ ನಲವತ್ತು ನಿಮಿಷ. ಮಹಿಳೆಯರಿಗೂ ಮಕ್ಕಳಿಗೂ ಮೊದಲ ಸ್ಥಾನವೆಂದು ಆಜ್ಞೆಯಾಯಿತು. ಆದರೆ ಎಡಬದಿಯ ಅಧಿಕಾರಿ ಲೈಟಾಲರ್ ಅವರು ಅದನ್ನು ಗಂಡಸರಿಗೆ ಸ್ಥಳವೇ ಇಲ್ಲವೆಂದು ಅರ್ಥಮಾಡಿಕೊಂಡರು. ಬಲಬದಿಯ ಮರ್ಡಕ್ ಅವರು ಹೆಂಗಸರು ಹತ್ತಿರವಿಲ್ಲದಾಗ ಗಂಡಸರನ್ನೂ ಹತ್ತಿಸಿದರು. ತುಂಬಿದ ದೋಣಿಯನ್ನು ಇಳಿಸಿದರೆ ಮುರಿದೀತೆಂಬ ಭಯ ಅಧಿಕಾರಿಗಳಿಗಿತ್ತು. 65 ಜನರು ಹಿಡಿಯುವ ಮೊದಲ ದೋಣಿ 30 ಮಂದಿಯನ್ನೂ ಹೊರಲಿಲ್ಲ. 40 ಜನರ ಮತ್ತೊಂದು ದೋಣಿಯಲ್ಲಿ ಹೋದವರು 12 ಮಂದಿ. ಅವರಲ್ಲಿ ಏಳು ಜನ ಹಡಗಿನ ಸಿಬ್ಬಂದಿಯವರೇ. ಕೆಳಗಿನ ಮೂರನೆಯ ದರ್ಜೆಯ ಬಡ ವಲಸಿಗರಲ್ಲಿ ಸುಮಾರು ಮುಕ್ಕಾಲು ಪಾಲು ಜನರು ಮಡಿದರು.

ಆದರೂ ಸಿಬ್ಬಂದಿಯನ್ನು ಒಟ್ಟಾಗಿ ಹಳಿಯುವುದು ಅನ್ಯಾಯವಾಗುತ್ತದೆ. ಯಂತ್ರಗಾರದ ಎಂಜಿನಿಯರುಗಳು ಕೊನೆಯವರೆಗೂ ದೀಪಗಳನ್ನು ಉರಿಸಿದರು. ಅವರಲ್ಲಿ ಒಬ್ಬರೂ ಬದುಕಲಿಲ್ಲ. ಎಂಟು ಮಂದಿ ವಾದ್ಯಗಾರರೂ ಉಳಿಯಲಿಲ್ಲ. ಕಪ್ತಾನರು ಕರ್ತವ್ಯದಿಂದ ಬಿಡುಗಡೆ ಮಾಡಿದ ಮೇಲೂ ನಿಸ್ತಂತು ನೌಕರ ಫಿಲಿಪ್ಸ್ ಅವರು ಸಂದೇಶ ಕಳುಹಿಸುತ್ತಲೇ ಇದ್ದರು, ಅವರೂ ಮಡಿದರು. ಎರಡನೆಯ ದರ್ಜೆಯಲ್ಲಿದ್ದ ನಮ್ಮ ಧರ್ಮಸಭೆಯ ಗುರು ವಂದನೀಯ ಥಾಮಸ್ ಬೈಲ್ಸ್ ಅವರು ತಮ್ಮನ ಮದುವೆಗೆಂದು ನ್ಯೂಯಾರ್ಕಿಗೆ ಹೊರಟಿದ್ದವರು. ಅವರು ದೋಣಿಯನ್ನು ಒಲ್ಲದೆ ಪಾಪನಿವೇದನೆ ಕೇಳುತ್ತ, ಜಪಸರ ಹೇಳಿಸುತ್ತ ಜನರ ನಡುವೆ ನಿಂತರೆಂದು ಬದುಕುಳಿದವರು ಸಾಕ್ಷಿ ನುಡಿದರು. ಏಪ್ರಿಲ್ 15ರ ನಸುಕಿನ 2 ಗಂಟೆ 20 ನಿಮಿಷಕ್ಕೆ ಹಡಗು ಮುಳುಗಿತು. ಸುಮಾರು 1,500 ಜನರೊಡನೆ ಸ್ಮಿತ್ ಅವರೂ ಹೋದರು. ಅವರ ಶರೀರ ದೊರೆಯಲಿಲ್ಲ.

ಲಾರ್ಡ್ ಮರ್ಸಿ ಅವರ ವಿಚಾರಣೆಯು ಸ್ಮಿತ್ ಅವರ ಮೇಲೆ ನಿರ್ಲಕ್ಷ್ಯದ ದೋಷವನ್ನು ಹೊರಿಸಲಿಲ್ಲ. ತಿಳಿಯಾದ ಹವೆಯಲ್ಲಿ ವೇಗ ಕಡಿಮೆ ಮಾಡದೆ ಸಾಗುವುದು ಆ ಮಾರ್ಗದ ಎಲ್ಲ ಕಪ್ತಾನರ ರೂಢಿಯಾಗಿತ್ತು. ಆದರೆ ಮುಂದೆ ಯಾರಾದರೂ ಹಾಗೆ ಮಾಡಿದರೆ ಅದು ನಿರ್ಲಕ್ಷ್ಯವೇ ಆಗುವುದೆಂದು ಆ ವಿಚಾರಣೆ ಎಚ್ಚರಿಸಿತು. 1914ರ ಅಂತರರಾಷ್ಟ್ರೀಯ ಒಪ್ಪಂದವು ಪ್ರತಿಯೊಬ್ಬನಿಗೂ ದೋಣಿಯಲ್ಲಿ ಸ್ಥಳ ಬೇಕೆಂದು ವಿಧಿಸಿತು. ನಿಯಮ ಬರೆದ ಮಾತ್ರಕ್ಕೆ ಎಚ್ಚರ ಬಂದೀತೆ? 1947ರ ಜುಲೈ 17ರಂದು ಮುಂಬಯಿಯಿಂದ ರೇವಸ್‌ಗೆ ಹೊರಟ ರಾಮದಾಸ್ ಹಡಗು ಮಳೆಗಾಲದ ಕಡಲಿನಲ್ಲಿ ಮಗುಚಿ, ನಮ್ಮ ದೇಶದವರೇ 600ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು.

ಕಾನೂನು ರೂಢಿಯನ್ನು ನೋಡಿ ಕ್ಷಮಿಸಬಹುದು. ಅಂತಃಸಾಕ್ಷಿ ಅಷ್ಟರಲ್ಲೇ ನಿಲ್ಲುವುದಿಲ್ಲ. ಸಂತ ತೋಮಸ್ ಅಕ್ವಿನಾಸರು ವಿವೇಕವೆಂಬ ಸದ್ಗುಣವನ್ನು ವಿವರಿಸುವಾಗ ಮುಂದಾಲೋಚನೆಯನ್ನು ಅದರ ಮುಖ್ಯ ಅಂಗವೆಂದು ಎಣಿಸಿದರು. ಎಲ್ಲರೂ ಹೀಗೆಯೇ ಮಾಡುತ್ತಾರೆ ಎಂಬುದು ರೂಢಿಯ ಮಾತು. ನನ್ನನ್ನು ನಂಬಿ ಮಲಗಿರುವವರಿಗೆ ಏನಾದೀತು ಎಂಬುದು ವಿವೇಕದ ಮಾತು. ಬಲಿಪೂಜೆಯ ಆರಂಭದಲ್ಲಿ ನಾವು ಮಾಡಿದ ಪಾಪಗಳೊಡನೆ, ಮಾಡದೆ ಬಿಟ್ಟ ಕರ್ತವ್ಯಗಳಿಗೂ ಕ್ಷಮೆ ಬೇಡುತ್ತೇವಲ್ಲವೇ? ಹಡಗಿನೊಡನೆ ಮುಳುಗುವುದು ಧೈರ್ಯ ನಿಜ. ಆದರೆ ಅದರಿಂದ ಒಂದು ಮಗುವೂ ಬದುಕಲಾರದು. ಸಂಜೆಯೇ ವೇಗ ಇಳಿಸಿದ್ದರೆ, ಮುಂಚೆಯೇ ಸಿಬ್ಬಂದಿಗೆ ಅಭ್ಯಾಸ ಮಾಡಿಸಿದ್ದರೆ, ಬದುಕಬಹುದಾದವರು ಎಷ್ಟೋ ಮಂದಿ.

1914ರಲ್ಲಿ ಲಿಚ್‌ಫೀಲ್ಡ್ ನಗರದಲ್ಲಿ ಸ್ಮಿತ್ ಅವರ ಪ್ರತಿಮೆಯನ್ನು ಅನಾವರಣಗೊಳಿಸಿದವಳು ಮಗಳು ಹೆಲೆನ್. ಆ ಮಗಳ ಪ್ರೀತಿಯನ್ನು ನಾವು ಗೌರವಿಸುತ್ತೇವೆ. ಹುಡುಗನಿಗೆ ನಾವು ಮುಂದಿನ ವಾರ ಹೇಳಿದ ಉತ್ತರ ಇಷ್ಟೇ: ಅವರು ಒಳ್ಳೆಯವರು, ಆದರೆ ಒಳ್ಳೆಯವರಿಂದಲೂ ದೊಡ್ಡ ತಪ್ಪು ನಡೆಯುತ್ತದೆ, ಅವರ ಆತ್ಮದ ತೀರ್ಪು ದೇವರಿಗೆ ಸೇರಿದ್ದು. ಶಾಲಾಮಕ್ಕಳನ್ನು ತುಂಬಿಕೊಂಡು ನಮ್ಮ ಮೇಲ್ಸೇತುವೆಯನ್ನು ದಾಟುವ ವ್ಯಾನಿನ ಚಾಲಕನೂ ಕಪ್ತಾನನೇ. ಅಡುಗೆಮನೆಯ ಅನಿಲದ ಕೊಳವೆಯನ್ನು ಪರೀಕ್ಷಿಸಬೇಕಾದ ಮನೆಯ ಯಜಮಾನನೂ, ಒಂದು ಧರ್ಮಕೇಂದ್ರವನ್ನು ಹೊತ್ತ ನಾವೂ ಕಪ್ತಾನರೇ. ಏನೂ ಆಗದ ಸಾಧಾರಣ ದಿನವೇ ನಮ್ಮ ಪರೀಕ್ಷೆಯ ದಿನ.