ಡಾ. ಖ್ವಾಜಾ ಅಬ್ದುಲ್ ಹಮೀದ್: ಪಾಠದ ಪುಟದಿಂದ ಬಡವನ ಮಾತ್ರೆಗೆ



ಸಾವಯವ ರಸಾಯನಶಾಸ್ತ್ರದ ಉಂಗುರಗಳನ್ನು ಬಾಯಿಪಾಠ ಮಾಡಿ ಏನು ಪ್ರಯೋಜನ ಎಂದು ನಿಮಗೆ ಅನಿಸಿರಬಹುದು. ಉತ್ತರ ಹತ್ತಿರದಲ್ಲೇ ಇದೆ. ಹಳೆ ಮದ್ರಾಸ್ ರಸ್ತೆಯಲ್ಲಿ ಕೆ.ಆರ್. ಪುರ ದಾಟಿದರೆ ವೈಟ್‌ಫೀಲ್ಡ್‌ಗೆ ಸಮೀಪದ ವಿರ್ಗೋನಗರ ಸಿಗುತ್ತದೆ. ಅಲ್ಲಿ ಔಷಧಿಗಳ ಮೂಲವಸ್ತು ತಯಾರಿಸುವ ಸಿಪ್ಲಾ ಕಂಪನಿಯ ಘಟಕವಿದೆ. ಆ ಕಂಪನಿಯನ್ನು ಕಟ್ಟಿದವರೇ ಡಾ. ಖ್ವಾಜಾ ಅಬ್ದುಲ್ ಹಮೀದ್.

1898ರಲ್ಲಿ ಅಲಿಗಢದಲ್ಲಿ ಜನಿಸಿದ ಹಮೀದರು ಅಸಹಕಾರ ಚಳವಳಿಯ ಕಾಲದಲ್ಲಿ ಸರ್ಕಾರಿ ಶಿಕ್ಷಣವನ್ನು ತೊರೆದರು. ಆಗಷ್ಟೇ ಆರಂಭವಾಗಿದ್ದ ಜಾಮಿಯಾ ಮಿಲ್ಲಿಯಾದಲ್ಲಿ ರಸಾಯನಶಾಸ್ತ್ರ ಕಲಿಸಿದರು. ನಂತರ ಬರ್ಲಿನ್‌ಗೆ ಹೋಗಿ ಡಾಕ್ಟರೇಟ್ ಪಡೆದರು. 1935ರಲ್ಲಿ ಮುಂಬಯಿಯಲ್ಲಿ ಸಿಪ್ಲಾ ಸ್ಥಾಪಿಸಿದರು. 1939ರಲ್ಲಿ ಗಾಂಧೀಜಿ ಆ ಕಾರ್ಖಾನೆಗೆ ಭೇಟಿ ನೀಡಿದರು. ನಮ್ಮ ದೇಶದ ರೋಗಿಗೆ ಬೇಕಾದ ಔಷಧಿ ನಮ್ಮಲ್ಲೇ ತಯಾರಾಗಬೇಕು ಎಂಬುದೇ ಹಮೀದರ ಗುರಿಯಾಗಿತ್ತು.

ಹೊಸ ಪೇಟೆಂಟ್ ಕಾಯ್ದೆ 1970ರಲ್ಲಿ ಅಂಗೀಕಾರವಾಗಿ 1972ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಇದಕ್ಕಾಗಿ ಶ್ರಮಿಸಿದವರಲ್ಲಿ ಅವರ ಮಗ ಯೂಸುಫ್ ಹಮೀದ್ ಕೂಡ ಒಬ್ಬರು. ಔಷಧಿಗೆ ಪೇಟೆಂಟ್ ಇಲ್ಲ, ತಯಾರಿಸುವ ವಿಧಾನಕ್ಕೆ ಮಾತ್ರ ಎಂದಾಯಿತು. ಆಗ ಹೊಸ ವಿಧಾನ ಬಲ್ಲ ರಸಾಯನಶಾಸ್ತ್ರಜ್ಞನ ವಿದ್ಯೆಗೆ ಬೆಲೆ ಬಂತು.

ಆ ಕಾಲದಲ್ಲಿ ಸಿಪ್ಲಾ ತಯಾರಿಸಿದ ಹೃದಯದ ಮಾತ್ರೆ ಪ್ರೊಪ್ರನೊಲಾಲ್ ಅನ್ನೇ ನೋಡಿ. ಅದನ್ನು ತಯಾರಿಸುವ ಪ್ರಸಿದ್ಧ ವಿಧಾನದಲ್ಲಿ ಒಂದೇ ಅಣುವಿನಲ್ಲಿ ಎರಡು ಈಥರ್‌ಗಳು ಬರುತ್ತವೆ. ಸಾಮಾನ್ಯ ಈಥರ್ ಬಂಧ ಸುಲಭವಾಗಿ ಮುರಿಯದು. ಎಪಾಕ್ಸೈಡ್ ಎಂಬ ಮೂರು ಪರಮಾಣುಗಳ ಉಂಗುರವಾದರೋ ಬಿಗಿದ ಬಿಲ್ಲಿನಂತೆ ಸೆಳೆತದಲ್ಲಿರುತ್ತದೆ. ಅಮೀನ್ ಸೇರಿದಾಗ ಅದು ತೆರೆದುಕೊಳ್ಳುತ್ತದೆ, ಸಾಮಾನ್ಯ ಈಥರ್ ಹಾಗೆಯೇ ಉಳಿಯುತ್ತದೆ.

ಹಮೀದರು 1972ರ ಜೂನ್ 23ರಂದು ನಿಧನರಾದರು. ಅದೇ ವರ್ಷ ಬೆಂಗಳೂರಿನಲ್ಲಿ ಔಷಧೀಯ ಸಸ್ಯಗಳ ಬೇಸಾಯಕ್ಕಾಗಿ ಸಿಪ್ಲಾದ ಸಂಶೋಧನಾ ವಿಭಾಗ ಆರಂಭವಾಯಿತು.

ಅವರ ಗುರಿ ಅವರೊಂದಿಗೆ ಮುಗಿಯಲಿಲ್ಲ. ಏಡ್ಸ್ ರೋಗಿಯೊಬ್ಬನ ಒಂದು ವರ್ಷದ ಔಷಧಿಗೆ 10,000 ಡಾಲರಿಗೂ ಹೆಚ್ಚು ತಗಲುತ್ತಿದ್ದ ಕಾಲವದು. 2001ರಲ್ಲಿ ಸಿಪ್ಲಾ ಮೂರು ಔಷಧಿಗಳನ್ನು ಸೇರಿಸಿ 350 ಡಾಲರಿಗೆ ಕೊಡಲು ಮುಂದಾಯಿತು. ಅವುಗಳಲ್ಲೊಂದು ನೆವಿರಾಪಿನ್. ಅದರ ಅಣುವಿನಲ್ಲಿ ಎರಡು ಪಿರಿಡೀನ್ ಉಂಗುರಗಳಿವೆ. ಬೆಂಜೀನ್‌ಗೆ ಅಂಟಿದ ಕ್ಲೋರಿನ್ ಸುಲಭಕ್ಕೆ ಜಾಗ ಬಿಡದು. ಪಿರಿಡೀನ್‌ನಲ್ಲಿ ಹಾಗಲ್ಲ, ಉಂಗುರದ ನೈಟ್ರೋಜನ್ ಎಲೆಕ್ಟ್ರಾನ್‌ಗಳನ್ನು ತನ್ನತ್ತ ಸೆಳೆಯುವುದರಿಂದ ಪಕ್ಕದ ಕ್ಲೋರಿನ್ ಅಮೀನ್‌ಗೆ ಜಾಗ ಬಿಟ್ಟುಕೊಡುತ್ತದೆ. ನೆವಿರಾಪಿನ್ ತಯಾರಿಕೆ ನಿಂತಿರುವುದೇ ಈ ಗುಣದ ಮೇಲೆ.

2005ರಿಂದ ಔಷಧಿಗೂ ಮತ್ತೆ ಪೇಟೆಂಟ್ ಸಿಗುತ್ತಿದೆ, ದಾರಿ ಮೊದಲಿನಷ್ಟು ಸುಲಭವಿಲ್ಲ. ಆದ್ದರಿಂದ ವಿದ್ಯಾರ್ಥಿಗಳೇ, ಯಾವ ಉಂಗುರ ತೆರೆಯುತ್ತದೆ ಎಂಬುದನ್ನಷ್ಟೇ ಕಲಿತು ಸುಮ್ಮನಾಗಬೇಡಿ, ಏಕೆ ತೆರೆಯುತ್ತದೆ ಎಂದೂ ಕೇಳಿ. ಆ ಪ್ರಶ್ನೆಯ ಉತ್ತರದಲ್ಲಿ ಯಾರದೋ ಮನೆಯ ರೋಗಿಯ ಜೀವ ಅಡಗಿರಬಹುದು.