ವಚನಪಿತಾಮಹ ಹಳಕಟ್ಟಿಯವರು

ಗ್ರಂಥವನ್ನು ಪೂಜಿಸುವುದು ಸುಲಭ. ಓದಿ ಅರಿಯುವುದು ಕಷ್ಟ. ನಮ್ಮ ಹಿರಿಯರ ಮನೆಗಳಲ್ಲಿ ತಾಳೆಯೋಲೆಯ ಕಟ್ಟುಗಳಿಗೆ ವಿಭೂತಿಯನ್ನು ಧರಿಸಿ, ಪತ್ರಪುಷ್ಪಗಳನ್ನೇರಿಸಿ, ಮರಳಿ ಜಗುಲಿಯ ಮೇಲಿರಿಸುವ ಪದ್ಧತಿಯಿದ್ದಿತು. ಆ ಭಕ್ತಿಯೇ ಶರಣರ ವಚನಗಳನ್ನು ನಾಶವಾಗದಂತೆ ಕಾಯ್ದಿತೆಂಬುದು ನಿಜ. ಆದರೆ ಬಿಚ್ಚಿ ಓದುವವರು ವಿರಳರಾದುದರಿಂದ ಒಳಗಿನ ಅರಿವು ಕಟ್ಟಿನೊಳಗೇ ಉಳಿಯಿತು. ಆ ಕಟ್ಟುಗಳನ್ನು ಬಿಚ್ಚಿ ಓದಿ, ನಾಡಿಗೂ ಓದಿಸಿದವರಲ್ಲಿ ಅಗ್ರಗಣ್ಯರು ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು.

ಇವರು ೧೮೮೦ನೆಯ ಜುಲೈ ೨ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರು, ಲೇಖಕರು. ಹೀಗಾಗಿ ವಿದ್ಯಾಭಿರುಚಿಯು ಮನೆಯಲ್ಲಿಯೇ ಮೊಳೆಯಿತು. ಮುಂಬಯಿಯಲ್ಲಿ ಕಾನೂನು ಪದವಿಯನ್ನು ಪಡೆದು, ವಿಜಾಪುರದಲ್ಲಿ ವಕೀಲಿಯನ್ನು ಕೈಕೊಂಡರು. ಸಂಪತ್ತು, ಸನ್ಮಾನಗಳ ದಾರಿ ತೆರೆದೇ ಇದ್ದಿತು. ಆದರೆ ರಬಕವಿ-ಬನಹಟ್ಟಿಗಳ ಕಡೆಯ ಮನೆಗಳಲ್ಲಿ ವಚನಗಳ ಓಲೆಗಳನ್ನು ಕಂಡು ಓದಿದ ಮೇಲೆ ಅವರ ಮನಸ್ಸು ಬೇರೊಂದು ಕಡೆಗೆ ತಿರುಗಿತು. ನೇಯುವವರು, ದೋಣಿ ನಡೆಸುವವರು, ಕಟ್ಟಿಗೆ ಮಾರುವವರು ಆಡಿದ ಅನುಭಾವದ ನುಡಿಗಳು ಆ ಜೀರ್ಣ ಓಲೆಗಳಲ್ಲಿದ್ದುವು. ಅವನ್ನು ಓದುತ್ತೋದುತ್ತ ಹನ್ನೆರಡನೆಯ ಶತಮಾನದ ಕಲ್ಯಾಣವೇ ಅವರ ಕಣ್ಣ ಮುಂದೆ ನಿಂದಿತು.

ಅಲ್ಲಿಂದ ಮುಂದೆ ಅವರ ಬಾಳೆಲ್ಲವೂ ಓದಿನ ತಪಸ್ಸು. ಊರೂರು ಅಲೆದು ಓಲೆಗಳನ್ನು ಸಂಗ್ರಹಿಸಿದರು. ಪಾಠಗಳನ್ನು ತಾಳೆ ನೋಡಿದರು. ಚದುರಿದ ವಚನಗಳನ್ನು ವಿಷಯಾನುಸಾರವಾಗಿ ಜೋಡಿಸಿದರು. ನ್ಯಾಯಾಲಯದಲ್ಲಿ ಸಾಕ್ಷ್ಯವನ್ನು ತೂಗುತ್ತಿದ್ದ ಬುದ್ಧಿಯೇ ಇಲ್ಲಿ ಶುದ್ಧ ಪಾಠವನ್ನು ಅರಸಿತು. ಶ್ರದ್ಧೆಯು ವಿಚಾರವನ್ನು ತಡೆಯಲಿಲ್ಲ; ವಿಚಾರವು ಶ್ರದ್ಧೆಯನ್ನು ಕುಂದಿಸಲಿಲ್ಲ. ಮಂಗಳೂರಿನ ಮುದ್ರಣಾಲಯವೊಂದು ಹಸ್ತಪ್ರತಿಯನ್ನು ಹಿಂದಿರುಗಿಸಿದಾಗಲೂ ಎದೆಗುಂದದೆ, ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ೧೯೨೩ರಲ್ಲಿ ಬೆಳಗಾವಿಯಲ್ಲಿ ಅಚ್ಚು ಹಾಕಿಸಿದರು. ಸ್ವಂತ ಮನೆಯನ್ನು ಮಾರಿ ೧೯೨೫ರಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ಸ್ಥಾಪಿಸಿದರು. ಮರುವರ್ಷ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಅದೇ ೧೯೨೬ರಲ್ಲಿ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಲನದ ಅಧ್ಯಕ್ಷಪದವಿಯು ಅವರಿಗೆ ಸಂದಿತು. ಗ್ರಂಥಕ್ಕೆ ಮನೆಯನ್ನು ಕೊಟ್ಟ ಈ ಮಹನೀಯರು ತಾವು ಬಾಡಿಗೆಯ ಮನೆಯಲ್ಲಿ ವಾಸಿಸಿ, ಬಡತನವನ್ನು ಪ್ರಸಾದವೆಂದೇ ಸ್ವೀಕರಿಸಿದರು. ೧೯೬೪ನೆಯ ಜೂನ್ ೨೯ರಂದು ಲಿಂಗೈಕ್ಯರಾದರು.

ಅಂದು ಅವರು ಬಿತ್ತಿದ ಬೀಜವು ಇಂದು ಹೆಮ್ಮರವಾಗಿದೆ. ೧೯೯೩ರಲ್ಲಿ ಕರ್ನಾಟಕ ಸರ್ಕಾರವು ಸಮಗ್ರ ವಚನಗಳನ್ನು ೧೫ ಸಂಪುಟಗಳಲ್ಲಿ ಪ್ರಕಟಿಸಿತು. ಓಲೆಯನ್ನು ಅರಸುವ ಶ್ರಮ ನಮಗಿಲ್ಲ. ಕೈ ನೀಡಿದರೆ ಪುಸ್ತಕವಿದೆ. ಆದರೂ ಎಷ್ಟು ಮನೆಗಳಲ್ಲಿ ಅದು ಮತ್ತೆ ಜಗುಲಿಯನ್ನೇರಿ ಧೂಳು ಹಿಡಿದಿದೆಯೆಂಬುದನ್ನು ನಾವೇ ಕೇಳಿಕೊಳ್ಳಬೇಕು.

ಮಾಕಳಿಯಂತಹ ಊರಿನಲ್ಲಿ, ಪೀಣ್ಯದ ಕಾರ್ಖಾನೆಯ ದುಡಿಮೆ ಮುಗಿಸಿ, ತುಮಕೂರು ರಸ್ತೆಯ ಗದ್ದಲವನ್ನು ದಾಟಿ ಮನೆ ಸೇರುವ ಸದ್ಭಕ್ತರಿಗೆ ಬಿಡುವು ಅಲ್ಪವೆಂಬುದನ್ನು ಬಲ್ಲೆವು. ವಚನಕಾರರೂ ಕಾಯಕದವರೇ ಅಲ್ಲವೆ? ಇಷ್ಟಲಿಂಗ ಪೂಜೆಯ ತರುವಾಯ ಮಕ್ಕಳನ್ನು ಬಳಿಯಲ್ಲಿ ಕುಳ್ಳಿರಿಸಿಕೊಂಡು ದಿನಕ್ಕೊಂದು ವಚನವನ್ನು ಓದಿ, ಅದರ ಅರ್ಥವನ್ನು ವಿಚಾರಿಸಿದರೆ ಸಾಕು. ಹಳಕಟ್ಟಿಯವರು ಬಿಚ್ಚಿದ ಕಟ್ಟನ್ನು ನಾವು ಮತ್ತೆ ಕಟ್ಟದಿರೋಣ.