ಗುಬ್ಬಿ ವೀರಣ್ಣ ಬೆಳೆಸಿದವರು

ಬೀರೂರಿನಲ್ಲಿ ಬೆಂಗಳೂರು ಟ್ರೇನ್ ಹತ್ತಿದರೆ ದಾರಿಯಲ್ಲಿ ಗುಬ್ಬಿ ಸಿಗುತ್ತೆ. 1891ರಲ್ಲಿ ಹುಟ್ಟಿದ ವೀರಣ್ಣ ಆ ಊರಿನ ನಾಟಕ ಕಂಪನಿ ಸೇರಿದ್ದು ಬಾಲನಟನಾಗಿ; 1917ರ ಹೊತ್ತಿಗೆ ಅದರ ಮಾಲೀಕ. ಕುರುಕ್ಷೇತ್ರ ನಾಟಕಕ್ಕೆ ನಿಜವಾದ ಆನೆ, ಕುದುರೆ ತಂದರು ಅಂತ ಜನ ಈಗಲೂ ಹೇಳ್ತಾರೆ. ನನಗೆ ದೊಡ್ಡದಾಗಿ ಕಾಣೋದು ಬೇರೆ. ಕಂಪನಿಯಲ್ಲಿ ಊಟ, ಸಂಬಳ, ಕಲಿಕೆ ಒಟ್ಟಿಗೇ ಸಿಗುತ್ತಿದ್ದವು. ರಾಜ್‌ಕುಮಾರ್, ಜಿ.ವಿ. ಅಯ್ಯರ್ ಪಳಗಿದ್ದು ಅಲ್ಲೇ. ಮನೆ ಬಿಟ್ಟು ಬಂದ ಹುಡುಗ ಬಿ.ವಿ. ಕಾರಂತರನ್ನು ಮುಂದೆ ಎಂ.ಎ. ಓದಲು ಕಾಶಿಗೆ ಕಳಿಸಿದರು. ಓದಿದವನು ಕಂಪನಿಗೆ ವಾಪಸ್ ಬರಲಿಕ್ಕಿಲ್ಲ ಅಂತ ಅವರಿಗೆ ಗೊತ್ತಿರಲಿಲ್ಲವೇ? ನಮಗೆ ಇಂಜಿನಿಯರುಗಳಿಗೆ ಟ್ರೈನಿಂಗ್‌ನಲ್ಲೂ ಸ್ಟೈಪೆಂಡ್ ಇತ್ತು. ನಾಟಕಕ್ಕೆ ಹೋದ ಗೆಳೆಯ ಇವತ್ತಿಗೂ ಬಸ್ ಚಾರ್ಜನ್ನು ಜೇಬಿಂದಲೇ ಹಾಕ್ತಾನೆ. ವೀರಣ್ಣನವರಿಗೆ ಪದ್ಮಶ್ರೀ ಬಂದಿದ್ದು 1972ರಲ್ಲಿ. ಅದೇ ವರ್ಷ ತೀರಿಕೊಂಡರು.